ತೋಟಕ್ಕೊಂದು ದೀಪ

"ನಿಮ್ಮದು ಯಾವ ಸ್ಟೈಲಿನ ಗಾರ್ಡನ್ ಸಾರ್?" ಎಂದು ದೀಪದ ಅಂಗಡಿಯ ಹುಡುಗ ಕೇಳಿದಾಗ ನಾನು ತಬ್ಬಿಬ್ಬಾದೆ. ಸರಸ್ವತೀಪುರದಲ್ಲಿ ನಮ್ಮ ಮನೆಯ ಮುಂದಿರುವ ಅಂಗೈಯಗಲದ ನೆಲಕ್ಕೆ ಗಾರ್ಡನ್ ಎಂಬ ಹೆಸರು ಒಪ್ಪೀತೆ ಎಂಬುದೇ ನನಗೆ ಸಂದೇಹ. ಇನ್ನು ಅದಕ್ಕೊಂದು ಸ್ಟೈಲು ಬೇರೆ! ನಡುವೆ ಒಂದು ತುಳಸೀಕಟ್ಟೆ, ಅದರ ಪಕ್ಕದಲ್ಲಿ ನಮ್ಮ ತಾಯಿ ನೆಟ್ಟ ಪಾರಿಜಾತ, ಗೇಟಿನ ಮೇಲೆ ಹಬ್ಬಿದ ಮಲ್ಲಿಗೆ, ಗೋಡೆಯುದ್ದಕ್ಕೂ ನನ್ನ ಹೆಂಡತಿ ಮಕ್ಕಳಂತೆ ಸಾಕಿರುವ ಸೇವಂತಿಗೆಯ ಗಿಡಗಳು, ಮೂಲೆಯಲ್ಲಿ ಒಂದು ಕರಿಬೇವು. ಇದು ಯಾವ ಶೈಲಿ ಎಂದು ಹೇಳಲಿ? "ಮಾಮೂಲಿ ಸ್ಟೈಲು ಕಣಪ್ಪ" ಎಂದೆ. ಹುಡುಗ ನಗಲಿಲ್ಲ. ವ್ಯಾಪಾರದಲ್ಲಿ ನುರಿತವನು. "ಹಾಗಾದರೆ ಇದನ್ನೇ ತೊಗೊಳ್ಳಿ, ಎಲ್ಲದಕ್ಕೂ ಆಗುತ್ತೆ" ಎಂದು ನಾಲ್ಕು ಬಿಳಿಯ ಎಲ್‌ಇಡಿ ಫ್ಲಡ್‌ಲೈಟುಗಳನ್ನು ಕಟ್ಟಿಕೊಟ್ಟ. ಕತ್ತಲಾದರೆ ತಾನೇ ಹೊತ್ತಿ, ಬೆಳಕು ಹರಿದರೆ ತಾನೇ ಆರುವ ಸ್ವಿಚ್ಚೊಂದನ್ನೂ ಜೊತೆಗೆ ಸೇರಿಸಿದ.

ಇದು ಕಳೆದ ವರ್ಷದ ಶ್ರಾವಣದ ಮಾತು. ನಮ್ಮ ಮಗಳ ನಿಶ್ಚಿತಾರ್ಥವನ್ನು ಛತ್ರದಲ್ಲಿ ಮಾಡದೆ ಮನೆಯ ಮುಂದೆಯೇ ಸಂಜೆಯ ಹೊತ್ತು ಮಾಡಬೇಕೆಂದು ನಿಶ್ಚಯವಾಗಿತ್ತು. ಆ ದಿನ ದೀಪಗಳು ತಮ್ಮ ಕೆಲಸವನ್ನು ಚೆನ್ನಾಗಿಯೇ ಮಾಡಿದವು. ಬೀಗರ ಸೀರೆಯ ಅಂಚಿನ ಎಳೆ ಎಳೆಯೂ ಕಾಣುತ್ತಿತ್ತು. ನಮ್ಮ ಗೋಡೆಯ ಬಿರುಕು ಬಿರುಕೂ ಕಾಣುತ್ತಿತ್ತು. ಕಾಣದೆ ಹೋದದ್ದೊಂದೇ, ತೋಟ. ಪಾರಿಜಾತದ ಗಿಡ ಪೊಲೀಸರ ಮುಂದೆ ನಿಲ್ಲಿಸಿದ ಬಡಪಾಯಿಯಂತೆ ಬಿಳಿಚಿಕೊಂಡು ನಿಂತಿತ್ತು. ಸಮಾರಂಭ ಮುಗಿಯಿತು, ಬೀಗರು ಹೋದರು. ದೀಪಗಳನ್ನು ಬಿಚ್ಚುವವರಿಲ್ಲದೆ ಅವು ಹಾಗೆಯೇ ಉಳಿದುಕೊಂಡವು.

ಆದರೆ ಆ ಹುಡುಗನ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಯೋಚಿಸಿದಷ್ಟೂ ಪ್ರಶ್ನೆ ಸರಿಯಾದದ್ದೆಂದೇ ತೋರಿತು. ದೀಪವನ್ನು ಆರಿಸುವ ಮೊದಲು ತೋಟ ಎಂಥದೆಂದು ಕೇಳಬೇಕು. ಅದಕ್ಕೆ ಉತ್ತರ ಹುಡುಕಲು ಮೈಸೂರಿನವರು ಬಹಳ ದೂರ ಹೋಗಬೇಕಾಗಿಲ್ಲ. ದೀಪಾಲಂಕಾರದಲ್ಲಿ ನಮ್ಮ ಊರಿಗೆ ಎರಡು ರೀತಿಗಳು ಬಹುಕಾಲದಿಂದ ಗೊತ್ತು. ಒಂದು ಅರಮನೆಯದು, ಇನ್ನೊಂದು ಬೃಂದಾವನದ್ದು. ಎರಡೂ ಒಂದೇ ಹೊಳೆಯ ಕಥೆಯಿಂದ ಹುಟ್ಟಿದವು. ಆದರೂ ಒಂದರ ನಡೆ ಇನ್ನೊಂದಕ್ಕೆ ಪೂರ್ತಿ ವಿರುದ್ಧ.

ಮೊದಲು ಅರಮನೆಯ ವಿಷಯ. 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಂಭ್ರಮದ ದಿನಗಳಲ್ಲಿಯೇ ಹಳೆಯ ಮರದ ಅರಮನೆಗೆ ಬೆಂಕಿ ಬಿದ್ದಿತು. ಮಹಾರಾಜರು ಇನ್ನೂ ಬಾಲಕರು. ರಾಜ್ಯಭಾರ ನೋಡಿಕೊಳ್ಳುತ್ತಿದ್ದವರು ತಾಯಿ, ವಾಣೀವಿಲಾಸ ಸನ್ನಿಧಾನದವರು. ಅವರು ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಯಿಂದ ಹೊಸ ಅರಮನೆಯ ನಕ್ಷೆ ಮಾಡಿಸಿದರು. ಕಲ್ಲು, ಇಟ್ಟಿಗೆ, ಕಬ್ಬಿಣಗಳಿಂದ ಕಟ್ಟಿದ ಆ ಅರಮನೆ 1912ರಲ್ಲಿ ಪೂರ್ಣವಾಯಿತು. ಈ ಹದಿನೈದು ವರ್ಷಗಳ ನಡುವೆ ಇನ್ನೊಂದು ದೊಡ್ಡ ಸಂಗತಿ ನಡೆದುಹೋಗಿತ್ತು. 1902ರಲ್ಲಿ ಶಿವನಸಮುದ್ರದ ಬಳಿ ಕಾವೇರಿಯಿಂದ ವಿದ್ಯುತ್ತನ್ನು ತೆಗೆದು, 90 ಮೈಲಿಗಳಿಗಿಂತ ಹೆಚ್ಚು ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೇಲೆ ಕಳುಹಿಸಿದರು. ದಿವಾನ್ ಶೇಷಾದ್ರಿ ಅಯ್ಯರ್ ಅವರು ಹಟ ಹಿಡಿದು ಸಾಧಿಸಿದ ಯೋಜನೆ ಅದು. ಫಲವನ್ನು ನೋಡಲು ಮಾತ್ರ ಅವರು ಉಳಿದಿರಲಿಲ್ಲ. 1905ರಲ್ಲಿ ಬೆಂಗಳೂರಿಗೂ, 1908ರಲ್ಲಿ ಮೈಸೂರಿಗೂ ಆ ಬೆಳಕು ಬಂದಿತು. ಎಂದರೆ ಹೊಸ ಅರಮನೆ ಕಣ್ಣು ಬಿಡುವ ಹೊತ್ತಿಗೆ ಹೊಗೆಯಿಲ್ಲದ, ಗಾಳಿಗೆ ಆರದ ದೀಪ ಊರಿನಲ್ಲಿ ಸಿದ್ಧವಾಗಿತ್ತು. ಅದುವರೆಗೆ ದಸರೆಯ ರಾತ್ರಿಯೆಂದರೆ ಎಣ್ಣೆಯ ಹಣತೆ ಮತ್ತು ಪಂಜು. ಬನ್ನಿಮಂಟಪದಲ್ಲಿ ಇಂದಿಗೂ ನಡೆಯುವ ಪಂಜಿನ ಕವಾಯತು ಆ ಹಳೆಯ ಬೆಳಕಿನ ನೆನಪನ್ನು ಉಳಿಸಿಕೊಂಡಿದೆ.

ಈಗ ಅರಮನೆಗೆ ಹಚ್ಚುವ ಬಲ್ಬುಗಳ ಸಂಖ್ಯೆ ಲಕ್ಷಕ್ಕೆ ಹತ್ತಿರ. ಆದರೆ ಸೊಗಸು ಸಂಖ್ಯೆಯಲ್ಲಿಲ್ಲ. ಒಂದು ಕ್ಷಣ ನಿಂತು ನೋಡಿದರೆ ಅಲ್ಲಿ ಗೋಡೆಯ ಮೇಲೆ ಬೆಳಕು ಚೆಲ್ಲಿಲ್ಲವೆಂಬುದು ತಿಳಿಯುತ್ತದೆ. ಕಮಾನಿನ ಅಂಚು, ಗುಮ್ಮಟದ ಬಾಗು, ಗೋಪುರದ ಏರು, ಎಲ್ಲೆಲ್ಲಿ ಶಿಲ್ಪಿ ಗೆರೆ ಎಳೆದನೋ ಅಲ್ಲಲ್ಲಿ ಬಲ್ಬಿನ ಸಾಲು. ದೀಪ ಹೊತ್ತಿದೊಡನೆ ಕಲ್ಲು ಮಾಯವಾಗಿ ನಕ್ಷೆ ಉಳಿಯುತ್ತದೆ. ನಮ್ಮ ಹೆಣ್ಣುಮಕ್ಕಳು ಬಾಗಿಲ ಮುಂದೆ ಇಡುವ ಚುಕ್ಕಿ ರಂಗೋಲಿಯನ್ನು ಯಾರೋ ಕತ್ತಲೆಯ ಮೇಲೆ ಇಟ್ಟ ಹಾಗೆ. ಇಂಥ ಅಲಂಕಾರಕ್ಕೆ ಕಟ್ಟಡದ ರೇಖೆಗಳು ಖಚಿತವಾಗಿರಬೇಕು. ಅರಮನೆಗೆ ಅದು ಹೊಂದಿತು. ಏಕೆಂದರೆ ಇರ್ವಿನ್ ಕಟ್ಟಿದ್ದೇ ಗುಮ್ಮಟಗಳೂ ಕಮಾನುಗಳೂ ಸಾಲುಸಾಲಾಗಿ ನಿಂತ ಕಟ್ಟಡವನ್ನು.

ತೊಡಕು ಹುಟ್ಟಿದ್ದು ಇದನ್ನೇ ಗಿಡಮರಗಳಿಗೂ ಮಾಡಲು ಹೊರಟಾಗ. ಹಬ್ಬ ಬಂತೆಂದರೆ ಬೀದಿಯ ಮರಗಳ ಬೊಡ್ಡೆಗೆ ಸರದೀಪಗಳನ್ನು ಬಿಗಿಯಾಗಿ ಸುತ್ತುತ್ತೇವೆ. ಮರಕ್ಕೆ ಎಲ್ಲಿಯ ಖಚಿತ ರೇಖೆ? ಅದು ಗಾಳಿ ಬಂದ ಕಡೆ ಓಲಾಡುವ ಪ್ರಾಣಿ. ಹಾಗೆ ಸುತ್ತಿದ ಮರವನ್ನು ಕಂಡಾಗಲೆಲ್ಲ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಕುಳಿತ ರೋಗಿಯ ನೆನಪಾಗುತ್ತದೆ. ಅರಮನೆಗೆ ಒಪ್ಪಿದ ಒಡವೆ ಹೊಂಗೆಮರಕ್ಕೂ ಒಪ್ಪಬೇಕೆಂದೇನೂ ಇಲ್ಲ.

ಹಾಗಾದರೆ ತೋಟಕ್ಕೆ ಒಪ್ಪುವ ದೀಪ ಯಾವುದು? ಇದಕ್ಕೆ ಉತ್ತರ ಸಿಕ್ಕಬೇಕಾದರೆ ಊರಿನಿಂದ ಸುಮಾರು 20 ಕಿಲೋಮೀಟರ್ ದೂರದ ಕೃಷ್ಣರಾಜಸಾಗರಕ್ಕೆ ಹೋಗಬೇಕು. ಆ ಕಟ್ಟೆಯ ಹುಟ್ಟಿಗೂ ದೀಪಕ್ಕೂ ನಂಟುಂಟು. ಬೇಸಗೆಯಲ್ಲಿ ಕಾವೇರಿ ಸೊರಗಿದರೆ ಶಿವನಸಮುದ್ರದ ಯಂತ್ರಗಳು ಸೊರಗುತ್ತಿದ್ದವು. ಗಣಿಗಳಿಗೆ ಕೊಟ್ಟ ಮಾತು ತಪ್ಪುವ ಭಯವಿತ್ತು. ಬಯಲಿಗೆ ನೀರುಣಿಸುವುದರ ಜೊತೆಗೆ ವರ್ಷವಿಡೀ ಹೊಳೆಯ ಹರಿವನ್ನು ಸಮನಾಗಿಡುವುದೂ ಕಟ್ಟೆಯ ಉದ್ದೇಶವಾಗಿತ್ತು. ವಿಶ್ವೇಶ್ವರಯ್ಯನವರು ಚೀಫ್ ಇಂಜಿನಿಯರಾಗಿದ್ದಾಗ, 1911ರಲ್ಲಿ ಕೆಲಸ ಮೊದಲಾಯಿತು. ಮುಗಿಯುವ ಹೊತ್ತಿಗೆ ಎರಡು ದಶಕಗಳೇ ಹಿಡಿದವು. ಅಷ್ಟರಲ್ಲಿ, 1926ರಲ್ಲಿ, ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾದರು. ಸಂಸ್ಥಾನದ ಯಾವ ಮೂಲೆಯೂ ಬೋಳಾಗಿರಬಾರದೆಂಬ ಹಂಬಲ ಅವರದು. ಕಟ್ಟೆಯ ಕೆಳಗಿನ ನೆಲವನ್ನು ಕಂಡು ಅವರು ಅಲ್ಲೊಂದು ತೋಟವನ್ನು ಕಲ್ಪಿಸಿಕೊಂಡರು. 1927ರಲ್ಲಿ ಆರಂಭವಾದ ಕೆಲಸ 1932ರಲ್ಲಿ ಮುಗಿಯಿತು. ಮೊದಲು ಕೃಷ್ಣರಾಜೇಂದ್ರರ ಹೆಸರು ಹೊತ್ತ ಆ ಮಜಲು ತೋಟವೇ ನಮ್ಮ ಇಂದಿನ ಬೃಂದಾವನ.

ಸುಮಾರು 60 ಎಕರೆಯ ಆ ತೋಟಕ್ಕೆ ಮಾದರಿ ಕಾಶ್ಮೀರದ ಶಾಲಿಮಾರ್. ಅದನ್ನು ರೂಪಿಸುವುದರಲ್ಲಿ ಕೃಂಬಿಗಲ್ ಎಂಬ ಜರ್ಮನ್ ತೋಟಗಾರರ ಕೈಯೂ ಸೇರಿತ್ತು. 1865ರಲ್ಲಿ ಡ್ರೆಸ್ಡನ್ ನಗರದ ಬಳಿ ಹುಟ್ಟಿ, ಲಂಡನ್ನಿನ ಕ್ಯೂ ತೋಟದಲ್ಲಿ ಪಳಗಿ, ಬರೋಡೆಯಲ್ಲಿ ಕೆಲವು ಕಾಲವಿದ್ದು, 1908ರಲ್ಲಿ ಲಾಲ್‌ಬಾಗಿಗೆ ಬಂದವರು ಅವರು. ನಮ್ಮ ನಾಡಿನಲ್ಲಿಯೇ ನೆಲೆಸಿ 1956ರಲ್ಲಿ ಬೆಂಗಳೂರಿನಲ್ಲಿಯೇ ಕಣ್ಮುಚ್ಚಿದರು. ಕಾಶ್ಮೀರದ ಮಾದರಿ, ಜರ್ಮನಿಯ ತೋಟಗಾರ, ಮೈಸೂರಿನ ದಿವಾನ, ಕಾವೇರಿಯ ನೀರು: ನಾಲ್ಕೂ ಕೂಡಿದ ಇಂಥ ಸಂಗಮ ಅಪರೂಪ.

ಶಾಲಿಮಾರಿನ ಮಾದರಿ ಎಂದಾಗ ನಾವು ಸಾಮಾನ್ಯವಾಗಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ನೆಲವನ್ನೂ, ನಡುವೆ ಹರಿಯುವ ಕಾಲುವೆಯನ್ನೂ, ಕಾರಂಜಿಗಳನ್ನೂ ನೆನೆಯುತ್ತೇವೆ. ದೀಪದ ಮಾತನ್ನು ಮರೆಯುತ್ತೇವೆ. ಜಹಾಂಗೀರ್ ಬಾದಶಹ 1619ರಲ್ಲಿ ಆ ತೋಟವನ್ನು ಕಟ್ಟಿಸಲು ತೊಡಗಿದಾಗ ವಿದ್ಯುತ್ತಿನ ಸುಳಿವಿರಲಿಲ್ಲ. ಆದರೆ ನೀರು ಒಂದು ಮಜಲಿನಿಂದ ಇನ್ನೊಂದಕ್ಕೆ ಧುಮುಕುವ ಕಡೆ, ಆ ನೀರಿನ ತೆರೆಯ ಹಿಂದಿನ ಗೋಡೆಯಲ್ಲಿ, ಸಾಲುಸಾಲಾಗಿ ಗೂಡುಗಳನ್ನು ಮಾಡಿದ್ದರು. ಚೀನೀಖಾನವೆಂದು ಅವುಗಳ ಹೆಸರು. ಪಿಂಗಾಣಿ ಪಾತ್ರೆಗಳನ್ನಿಡುವ ಗೂಡಿನಿಂದ ಬಂದ ಮಾತು. ಹಗಲು ಅವುಗಳಲ್ಲಿ ಹೂದಾನಿಗಳನ್ನಿಡುತ್ತಿದ್ದರು. ರಾತ್ರಿಯಾದರೆ ಎಣ್ಣೆಯ ದೀಪಗಳನ್ನಿಡುತ್ತಿದ್ದರು. ಎದುರಿಗೆ ನಿಂತವರಿಗೆ ದೀಪ ಕಾಣದು. ಬೀಳುವ ನೀರೇ ಹೊತ್ತಿಕೊಂಡಂತೆ ಕಾಣುವುದು. ನಮ್ಮ ಹಳೆಯ ಮನೆಗಳ ಗೋಡೆಯಲ್ಲಿ ದೀಪದ ಗೂಡಿರುತ್ತಿತ್ತಲ್ಲ, ಅದರ ಮುಂದೆ ಒಂದು ಜಲಪಾತವನ್ನು ಇಳಿಬಿಟ್ಟ ಹಾಗೆ.

ಬೃಂದಾವನದ ಬೆಳಕಿನ ಗುಟ್ಟೂ ಇದೇ. ನಾನು ಮೊದಲು ಅದನ್ನು ಕಂಡದ್ದು ಏಳೆಂಟು ವರ್ಷದ ಹುಡುಗನಾಗಿದ್ದಾಗ. ನಮ್ಮ ತಂದೆಯನ್ನು ನಾವು ಅಣ್ಣ ಎಂದೇ ಕರೆಯುತ್ತಿದ್ದೆವು. ಅಣ್ಣ ಸಂಬಳ ಬಂದ ಮರುದಿನ ನಮ್ಮನ್ನೆಲ್ಲ ಬಸ್ಸಿನಲ್ಲಿ ಕರೆದೊಯ್ದಿದ್ದರು. ಬುತ್ತಿಯಲ್ಲಿ ಚಿತ್ರಾನ್ನ, ಮೊಸರನ್ನ. ಕತ್ತಲಾಗುವುದನ್ನೇ ಕಾಯುತ್ತ ಜನ ಮೆಟ್ಟಿಲುಗಳ ಮೇಲೆ ಕುಳಿತಿದ್ದರು. ಥಟ್ಟನೆ ದೀಪ ಬಂದಿತು. ಮೆಟ್ಟಿಲಿಳಿಯುವ ನೀರು ಕೆಂಪಾಯಿತು, ಹಸಿರಾಯಿತು. ಕಾರಂಜಿಯ ತುದಿಯ ಹನಿಗಳವರೆಗೂ ಬಣ್ಣ ಏರಿತು. ಸುತ್ತಲಿನ ಗಿಡಗಳು ಮಾತ್ರ ಕತ್ತಲಲ್ಲಿಯೇ ಇದ್ದವು. ನಾನು ಅಣ್ಣನ ಕೈ ಬಿಡಿಸಿಕೊಂಡು ಕಾಲುವೆಯ ಅಂಚಿಗೆ ಓಡಿ ಬಗ್ಗಿ ನೋಡಿದೆ.

"ದೀಪ ಎಲ್ಲಿದೆ ಅಣ್ಣ?"

"ನೀರಿನ ಹಿಂದೆ ಇದೆ ಕಣೋ. ಕಾಣಬಾರದೂಂತಲೇ ಅಲ್ಲಿಟ್ಟಿದಾರೆ. ಈಚೆ ಬಾ, ಜಾರುತ್ತೆ."

ಆ ಮಾತಿನ ಅರ್ಥ ಪೂರ್ತಿಯಾಗಿ ತಿಳಿಯಲು ನನಗೆ ಅರವತ್ತು ವರ್ಷ ಬೇಕಾಯಿತು.

ನೀರು ಬೆಳಕನ್ನು ಹಿಡಿದುಕೊಳ್ಳುವ ಈ ವಿದ್ಯೆಗೆ ವಿಜ್ಞಾನದಲ್ಲಿಯೂ ಒಂದು ಚರಿತ್ರೆಯಿದೆ. 1840ರ ದಶಕದ ಮೊದಲಲ್ಲಿ ಜಿನೀವಾದ ಕೊಲಾಡನ್ ಎಂಬ ಭೌತವಿಜ್ಞಾನಿ ಕತ್ತಲೆಯ ಕೋಣೆಯಲ್ಲಿ ತೊಟ್ಟಿಯ ತೂತಿನಿಂದ ನೀರಿನ ಧಾರೆಯನ್ನು ಹೊರಬಿಟ್ಟು, ಹಿಂದಿನಿಂದ ಅದರೊಳಕ್ಕೆ ಬೆಳಕನ್ನು ಹಾಯಿಸಿದ. ಬೆಳಕು ನೇರವಾಗಿ ಹೋಗಿಬಿಡದೆ, ಧಾರೆಯ ಒಳಮೈಗೆ ತಾಗಿ ತಾಗಿ ಹಿಂತಿರುಗುತ್ತ, ನೀರು ಬಾಗಿದ ಕಡೆ ತಾನೂ ಬಾಗಿ ಹರಿಯಿತು. ಇಂದು ನಮ್ಮ ಟೆಲಿಫೋನಿನ ಮಾತನ್ನು ಗಾಜಿನೆಳೆಗಳಲ್ಲಿ ಹೊತ್ತೊಯ್ಯುವುದೂ ಇದೇ ಉಪಾಯ. 1884ರಲ್ಲಿ ಲಂಡನ್ನಿನ ವಸ್ತುಪ್ರದರ್ಶನದಲ್ಲಿಯೂ, 1889ರಲ್ಲಿ ಪ್ಯಾರಿಸ್ಸಿನ ಮಹಾ ಪ್ರದರ್ಶನದಲ್ಲಿಯೂ ಬಣ್ಣದ ಬೆಳಕಿನ ಕಾರಂಜಿಗಳನ್ನು ಕಂಡು ಜನ ಬೆರಗಾದರು. ಸ್ಪೇನಿನ ಬಾರ್ಸಿಲೋನ ನಗರದ ಹೆಸರಾಂತ ಮಾಂತ್ರಿಕ ಕಾರಂಜಿ ಚಿಮ್ಮಿದ್ದು 1929ರಲ್ಲಿ, ಎಂದರೆ ನಮ್ಮ ಕಟ್ಟೆಯ ಕೆಳಗೆ ಬೃಂದಾವನದ ಕೆಲಸ ನಡೆಯುತ್ತಿದ್ದ ಕಾಲದಲ್ಲಿಯೇ. ಮೈಸೂರು ಆ ಹೊತ್ತಿನಲ್ಲಿ ಜಗತ್ತಿನ ಹೆಜ್ಜೆಗೆ ಹೆಜ್ಜೆ ಹಾಕುತ್ತಿತ್ತೆಂದರೆ ಬಡಾಯಿಯಲ್ಲ. ಕೆಲವೇ ವರ್ಷಗಳಲ್ಲಿ, 1936ರಲ್ಲಿ, ಬೆಂಗಳೂರಿನಲ್ಲಿ ಮೈಸೂರು ಲ್ಯಾಂಪ್ಸ್ ಕಾರ್ಖಾನೆಯೂ ಆರಂಭವಾಗಿ, ಬಲ್ಬು ಕೂಡ ನಮ್ಮದೇ ಆಯಿತು. ಆ ಕಾರ್ಖಾನೆ ಈ ಶತಮಾನದ ಆರಂಭದಲ್ಲಿ ಮುಚ್ಚಿಹೋಯಿತು. ಅದರ ಬಲ್ಬಿನ ಹಳದಿ ಬೆಳಕಿನಲ್ಲಿ ಓದಿ ಪರೀಕ್ಷೆ ಮುಗಿಸಿದ ನನ್ನಂಥವರು ಇನ್ನೂ ಇದ್ದೇವೆ.

ಈ ಚರಿತ್ರೆಯಿಂದ ನನಗೆ ತಿಳಿದದ್ದು ಇಷ್ಟು. ಅರಮನೆಯಲ್ಲಿ ದೀಪವೇ ಕಾಣಬೇಕು, ಕಟ್ಟಡ ಹಿಂದೆ ಸರಿಯಬೇಕು. ತೋಟದಲ್ಲಿ ದೀಪ ಅಡಗಬೇಕು, ತೋಟ ಮುಂದೆ ಬರಬೇಕು. ನೀರಿನ ತೋಟವಾದರೆ ದೀಪಕ್ಕೆ ನೀರಿನ ಮರೆ. ಮರಗಳ ತೋಟವಾದರೆ ಬುಡದ ಮರೆ, ಬೆಳಕು ಕೊಂಬೆಯ ಅಡಿಗೆ ಮಾತ್ರ ತಾಗಿದರೆ ಸಾಕು. ಕಾಲುದಾರಿಯಾದರೆ ಮೊಣಕಾಲಿಗಿಂತ ಕೆಳಗೆ, ಹೆಜ್ಜೆ ಇಡುವಷ್ಟು. ಬಣ್ಣದ ಮಾತೂ ಹೀಗೆಯೇ. ಬೆಳಕಿನ ಬಣ್ಣವನ್ನು ಅಳೆಯುವವರು ಕೆಲ್ವಿನ್ ಎಂಬ ಲೆಕ್ಕ ಹೇಳುತ್ತಾರೆ. ಮೇಣದಬತ್ತಿಯದು ಸುಮಾರು 1,900, ಹಳೆಯ ತಂತಿಯ ಬಲ್ಬಿನದು 2,700. ಅಂಗಡಿಯ ಹುಡುಗ ನನಗೆ ಕಟ್ಟಿಕೊಟ್ಟದ್ದು 6,500. ಅದು ನಡುಹಗಲಿನ ಬಣ್ಣ. ರಾತ್ರಿ ಒಂಬತ್ತು ಗಂಟೆಗೆ ನಡುಹಗಲನ್ನು ತಂದು ನಿಲ್ಲಿಸಿದರೆ ಪಾರಿಜಾತ ಬಿಳಿಚಿಕೊಳ್ಳದೆ ಇನ್ನೇನು ಮಾಡೀತು?

ಇಷ್ಟು ತಿಳಿದ ಮೇಲೂ ಒಂದು ಪಾಠ ಬಾಕಿಯಿತ್ತು. ಅದನ್ನು ಕಲಿಸಿದ್ದು ಗ್ರಂಥವಲ್ಲ, ನಮ್ಮ ಸೇವಂತಿಗೆ.

ಪ್ರತಿ ವರ್ಷವೂ ದಸರೆಯ ಹೊತ್ತಿಗೆ ಮೊಗ್ಗು ಮೂಡಿ, ದೀಪಾವಳಿಗೆ ನಮ್ಮ ಗೋಡೆಯುದ್ದಕ್ಕೂ ಹಳದಿ ಹಾಸುತ್ತಿತ್ತು. ಅತ್ತೆಯವರ ಕಾಲದಿಂದಲೂ ಆ ಗಿಡಗಳ ಮೊದಲ ಬೊಗಸೆ ಹೂವು ದೇವರಿಗೆ, ಎರಡನೆಯದು ನೆರೆಮನೆಯ ಮುತ್ತೈದೆಯರಿಗೆ. ಕಳೆದ ವರ್ಷ ಗಿಡಗಳು ಎದೆಯೆತ್ತರ ಬೆಳೆದು ಕಡು ಹಸಿರಾಗಿ ನಿಂತವು, ಮೊಗ್ಗಿನ ಸುಳಿವಿಲ್ಲ. ಆಯುಧಪೂಜೆಗೆ ಮಾರುಕಟ್ಟೆಯಿಂದ ಹೂ ತಂದೆವು. ದೀಪಾವಳಿಗೂ ತಂದೆವು. "ಊರೆಲ್ಲಾ ಸೇವಂತಿಗೆ ಬಂದಿದೆ. ನಮ್ಮ ಗಿಡಕ್ಕೆ ಏನಾಗಿದೇರೀ?" ಎಂದು ಹೆಂಡತಿ ಕೇಳಿದಾಗ "ಗೊಬ್ಬರ ಸಾಲದೇನೋ" ಎಂದು ಜಾರಿಕೊಂಡೆ. ಗೊಬ್ಬರವನ್ನೂ ಹಾಕಿದ್ದಾಯಿತು. ಗಿಡ ಇನ್ನಷ್ಟು ಬೆಳೆಯಿತು. ಮದುವೆಯ ಮಾತುಕತೆ ನಡೆದಿರುವ ಮನೆಯಲ್ಲಿ ಹೂ ಬಿಡದ ಗಿಡ ನೋಡಿ ಅವಳು ಮನಸ್ಸಿಗೆ ಏನೇನೋ ಹಚ್ಚಿಕೊಂಡಳು. ಬಾಯಿಬಿಟ್ಟು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಕೊನೆಗೆ ಎದುರುಮನೆಯ ನಿವೃತ್ತ ಸಸ್ಯಶಾಸ್ತ್ರದ ಮೇಷ್ಟರು ಒಂದು ಸಂಜೆ ಬಂದು ಗಿಡವನ್ನು ನೋಡಿದರು. ಆಮೇಲೆ ತಲೆಯೆತ್ತಿ ದೀಪವನ್ನು ನೋಡಿದರು. "ಇದಕ್ಕೆ ರೋಗವಿಲ್ಲ ಸ್ವಾಮಿ, ನಿದ್ದೆಯಿಲ್ಲ" ಎಂದರು. ಅವರು ವಿವರಿಸಿದ್ದು ಹೀಗೆ. 1920ರಲ್ಲಿ ಗಾರ್ನರ್ ಮತ್ತು ಅಲರ್ಡ್ ಎಂಬ ಇಬ್ಬರು ಅಮೆರಿಕದ ಕೃಷಿ ವಿಜ್ಞಾನಿಗಳು ಒಂದು ಜಾತಿಯ ಹೊಗೆಸೊಪ್ಪಿನ ಗಿಡದ ಬೆನ್ನು ಹತ್ತಿ, ಹಗಲಿರುಳುಗಳ ಉದ್ದವನ್ನು ನೋಡಿಕೊಂಡು ಹೂ ಬಿಡುವ ಗಿಡಗಳಿವೆಯೆಂದು ತೋರಿಸಿಕೊಟ್ಟರು. ಸೇವಂತಿಗೆ ಆ ಪೈಕಿಯದು. ಇರುಳು ನೀಳವಾಗುತ್ತ ಬಂದದ್ದು ಅದಕ್ಕೆ ತಿಳಿಯಬೇಕು. ಆಗ ಮಾತ್ರ ಮೊಗ್ಗು. ಕತ್ತಲೆಯ ನಡುವೆ ಬೆಳಕು ಬಿದ್ದರೆ ಅದಕ್ಕೆ ಇನ್ನೂ ಬೇಸಗೆ. ಬೆಂಗಳೂರಿನ ಸುತ್ತ ಸೇವಂತಿಗೆ ಬೆಳೆಯುವ ರೈತರು ಈ ಗುಟ್ಟನ್ನು ಬಲ್ಲವರು. ಹೂವನ್ನು ತಡೆಹಿಡಿದು ಬೇಕಾದ ಕಾಲಕ್ಕೆ ಬಿಡಿಸಲೆಂದೇ ಹೊಲದ ಮೇಲೆ ರಾತ್ರಿ ಬಲ್ಬುಗಳ ಸಾಲು ಹಚ್ಚುತ್ತಾರೆ. ಅವರು ತಿಳಿದು ಮಾಡಿದ್ದನ್ನು ನಾನು ತಿಳಿಯದೆ ಮಾಡಿದ್ದೆ. ತಾನೇ ಹೊತ್ತಿ ತಾನೇ ಆರುವ ಆ ಜಾಣ ಸ್ವಿಚ್ಚು ಮೂರು ತಿಂಗಳು ನಮ್ಮ ತೋಟಕ್ಕೆ ರಾತ್ರಿಯೇ ಆಗದಂತೆ ನೋಡಿಕೊಂಡಿತ್ತು.

ಆಗ ಅರಮನೆಯೂ ಬೃಂದಾವನವೂ ಕಲಿಸುವ ಇನ್ನೊಂದು ಪಾಠ ನನ್ನ ಕಣ್ಣಿಗೆ ಬಿದ್ದಿತು. ದಸರೆಯ ದಿನಗಳನ್ನು ಬಿಟ್ಟರೆ ಅರಮನೆಯ ದೀಪ ಬೆಳಗುವುದು ಭಾನುವಾರ, ರಜಾದಿನಗಳಲ್ಲಿ. ಅದೂ ಸಂಜೆ ಏಳಕ್ಕೆ ಹೊತ್ತಿದರೆ ಗಂಟೆ ತುಂಬುವ ಮುನ್ನ ಆರುತ್ತದೆ. ಬೃಂದಾವನದಲ್ಲಿಯೂ ಸಂಜೆಯ ಕೆಲವು ಹೊತ್ತಿನ ಮೇಲೆ ಕಾರಂಜಿಯೂ ದೀಪವೂ ನಿಂತು, ತೋಟ ಕಪ್ಪೆಗಳಿಗೂ ಕತ್ತಲೆಗೂ ಮರಳುತ್ತದೆ. ಆ ಬೆಳಕು ನಮಗೆ ಹಬ್ಬವೆನಿಸುವುದು ಅದು ಆರುವುದರಿಂದಲೇ. ಇಂದಿನ ಎಲ್‌ಇಡಿ ದೀಪಕ್ಕೆ ಖರ್ಚು ಕಡಿಮೆ. ಆದ್ದರಿಂದ ಆರಿಸುವ ಗೋಜಿಗೆ ಯಾರೂ ಹೋಗುವುದಿಲ್ಲ. ಖರ್ಚನ್ನು ಕೊಡುವವರು ನಾವಲ್ಲ, ಬೇರೆಯವರು: ಸಂಗಾತಿಗೆ ಮಿನುಗಿ ಸಂಜ್ಞೆ ಮಾಡಲಾರದ ಮಿಂಚುಹುಳು, ದೀಪ ಸುತ್ತಿ ಸುತ್ತಿ ಬೀಳುವ ಪತಂಗ, ಪತಂಗವನ್ನು ಕರೆಯಲೆಂದೇ ಇರುಳಿನಲ್ಲಿ ಬೆಳ್ಳಗೆ ಅರಳಿ ಕಂಪು ಬೀರುವ ಹೂವು.

ದೀಪಾವಳಿ ಕಳೆದ ಮರುವಾರವೇ ಫ್ಲಡ್‌ಲೈಟುಗಳನ್ನು ಬಿಚ್ಚಿಸಿದೆ. ದಿನಾ ಬೆಳಗ್ಗೆ ಗಿಡದ ತುದಿಗಳನ್ನು ಬೆರಳಿನಿಂದ ಬಿಡಿಸಿ ನೋಡುವುದು ನನ್ನ ಕೆಲಸವಾಯಿತು. ಕೆಲವು ವಾರಗಳಾದ ಮೇಲೆ ಕಡಲೆಕಾಳಿನಷ್ಟು ಮೊಗ್ಗು. ಸಂಕ್ರಾಂತಿಗೆ ಎಳ್ಳು ಬೀರುವ ತಟ್ಟೆಗಳ ಮೇಲೆ ನಮ್ಮದೇ ಸೇವಂತಿಗೆ ಇದ್ದಿತು. ಹೆಂಡತಿ ಏನೂ ಹೇಳಲಿಲ್ಲ. ಆ ದಿನ ನನಗೆ ಎರಡನೆಯ ಸಲ ಕಾಫಿ ಕೇಳದೆಯೇ ಬಂದಿತು.

ವೈಶಾಖದಲ್ಲಿ ಮದುವೆಯಾಯಿತು. ಮದುವೆಗೆ ಮುಂಚೆ ಮತ್ತೆ ಅದೇ ಅಂಗಡಿಗೆ ಹೋದೆ. ಅದೇ ಹುಡುಗ, ಅದೇ ಪ್ರಶ್ನೆ. ಈ ಸಲ ನನ್ನಲ್ಲಿ ಉತ್ತರವಿತ್ತು. "ನಮ್ಮದು ತುಳಸೀಕಟ್ಟೆ ಸ್ಟೈಲು ಕಣಪ್ಪ. ಕಟ್ಟೆಯ ಗೂಡಿನಲ್ಲಿ ಮನೆಯವರು ಹಚ್ಚುವ ಹಣತೆ ಇದ್ದೇ ಇದೆ. ಪಾರಿಜಾತದ ಬುಡದಲ್ಲಿ ಕಲ್ಲಿನ ಮರೆಗೆ ಇಡುವಂಥ ಒಂದೇ ಒಂದು ಚಿಕ್ಕ ಹಳದಿ ದೀಪ ಕೊಡು. ಸ್ವಿಚ್ಚು ಮಾತ್ರ ಕೈಯಲ್ಲಿ ಆರಿಸುವಂಥದಿರಲಿ."

ಹುಡುಗ ಈ ಸಲ ನಕ್ಕ. ಬಿಲ್ಲು ಬಹಳ ಸಣ್ಣದಾಯಿತೆಂದು ಇರಬೇಕು.